ಸೊಂಡಿಲಿನ ಪಕ್ಕದ ಕೆಂಪು ಗೆರೆ: ಮನೆಯಲ್ಲೇ ಕಟ್ಟಿದ ಲೇಸರ್ ಪೆಟ್ಟಿಗೆಯೊಂದರ ಪ್ರಕರಣ

ಗಣಪತಿ ಹಬ್ಬಕ್ಕೆ ಇನ್ನೂ ಹತ್ತು ದಿನ ಇತ್ತು. ರಾತ್ರಿ ಒಂಬತ್ತೂವರೆಗೆ ಅಕ್ಕನ ಮಗನ ಫೋನ್ ಬಂತು. "ಮಾಮ, ಒಂದ್ಸಲ ಇಲ್ಲಿಗೆ ಬನ್ನಿ. ಗಣಪತಿಗೆ ಎರಡು ಸೊಂಡಿಲು ಬಂದಿದೆ."

ನಾನು ಚಿಕ್ಕಮಗಳೂರಿನಲ್ಲಿ ಆಂಪ್ಲಿಫೈಯರ್, ಯುಪಿಎಸ್ ರಿಪೇರಿ ಮಾಡುವವನು. ಲೇಸರ್ ನನ್ನ ಕಸುಬಲ್ಲ. ಆದರೆ ಡಿವಿಡಿ ಪ್ಲೇಯರ್ ಎಷ್ಟು ಬಿಚ್ಚಿದ್ದೇನೋ ಲೆಕ್ಕ ಇಲ್ಲ. ಅದರೊಳಗಿನ ಲೇಸರ್ ಬೆಳಕು ಹೊಮ್ಮಿಸುವ ಡಯೋಡ್, ಲೆನ್ಸು, ಪುಟ್ಟ ಕನ್ನಡಿಗಳ ಪರಿಚಯ ಇತ್ತು. ಹುಡುಗ ಡಿಪ್ಲೊಮಾ ಓದುತ್ತಾನೆ. ಮಳೆಗಾಲ ಪೂರ್ತಿ ಕೋಣೆ ಬಾಗಿಲು ಹಾಕಿಕೊಂಡು ಒಂದು ಪೆಟ್ಟಿಗೆ ಕಟ್ಟಿದ್ದ. ಪೆಂಡಾಲಿನ ಎದುರಿಗೆ ಒಂದು ಕಾಫಿ ಗೋಡೌನ್ ಇದೆ. ಅದರ ಸುಣ್ಣ ಬಳಿದ ಗೋಡೆಯ ಮೇಲೆ ಬೆಳಕಿನ ಗೆರೆಯಲ್ಲೇ ಗಣಪತಿ ಬರೆಯಬೇಕು ಅಂತ ಅವನ ಆಸೆ.

ನಾನು ಹೋಗಿ ನೋಡಿದಾಗ ಗೋಡೆಯ ಮೇಲೆ ಗಣಪತಿ ಇದ್ದ. ಬಿಳಿ ಗೆರೆ ಇರಬೇಕಾದ ಕಡೆ ತಿಳಿ ನೀಲಿ ಗೆರೆ, ಅದರ ಎಡಕ್ಕೆ ಮೂರು ಬೆರಳಗಲ ಬಿಟ್ಟು ಇನ್ನೊಂದು ಕೆಂಪು ಗೆರೆ. ಸೊಂಡಿಲು ಎರಡು, ಕಿವಿ ನಾಲ್ಕು. ಮೊದಲು ನನಗೂ ನಗು ಬಂತು. ಹುಡುಗನ ಮುಖ ನೋಡಿ ಸುಮ್ನಾದೆ.

"ಮನೇಲಿ ಸರಿ ಇತ್ತು ಮಾಮ. ಬಿಳಿ ಅಂದ್ರೆ ಬಿಳಿ. ಇಲ್ಲಿಗೆ ತರೋವಾಗ ಆಟೋದಲ್ಲಿ ಅಲ್ಲಾಡಿಬಿಡ್ತು ಅನ್ಸುತ್ತೆ."

ಆಟೋ ಮೇಲೆ ತಪ್ಪು ಹೊರಿಸುವ ಮೊದಲು ಪೆಟ್ಟಿಗೆ ಬಿಚ್ಚೋಣ ಅಂದೆ.

ಪೆಟ್ಟಿಗೆಯೊಳಗೆ

ಒಳಗೆ ಮೂರು ಡಯೋಡ್. ಕೆಂಪಿನ ಅಲೆಯುದ್ದ 638 ನ್ಯಾನೋಮೀಟರ್, ಶಕ್ತಿ 120 ಮಿಲಿವ್ಯಾಟ್. ಹಸಿರು 520, ನೀಲಿ 450, ಇವೆರಡೂ 80 ಮಿಲಿವ್ಯಾಟಿನವು. ಆಮೇಲೆ ಎರಡು ಡೈಕ್ರೊಯಿಕ್ ಕನ್ನಡಿ, ಒಂದು ಜೊತೆ ಗ್ಯಾಲ್ವೊ. ಗ್ಯಾಲ್ವೊ ಅಂದರೆ ಪುಟ್ಟ ಮೋಟರಿನ ತುದಿಗೆ ಅಂಟಿಸಿದ ಉಗುರಿನಷ್ಟು ಕನ್ನಡಿ. ಒಂದು ಕಿರಣವನ್ನು ಎಡಬಲ ಓಡಿಸುತ್ತದೆ, ಇನ್ನೊಂದು ಮೇಲೆ ಕೆಳಗೆ. ಗೋಡೆಯ ಮೇಲೆ ಯಾವ ಕ್ಷಣಕ್ಕೂ ಇರುವುದು ಒಂದೇ ಒಂದು ಚುಕ್ಕಿ. ಅದು ಸೆಕೆಂಡಿಗೆ ಸಾವಿರಾರು ಬಿಂದುಗಳ ಮೇಲೆ ಓಡುವುದರಿಂದ ನಮಗೆ ಗೆರೆಯಾಗಿ ಕಾಣುತ್ತದೆ, ಕತ್ತಲಲ್ಲಿ ಊದಿನಕಡ್ಡಿ ತಿರುಗಿಸಿದರೆ ಬೆಂಕಿಯ ಬಳೆ ಕಾಣುವ ಹಾಗೆ.

ಡೈಕ್ರೊಯಿಕ್ ಕನ್ನಡಿ ವಿಚಿತ್ರ ವಸ್ತು. ಗಾಜಿನ ಮೇಲೆ ಬಹಳ ತೆಳುವಾದ ಪದರಗಳನ್ನು ಒಂದರ ಮೇಲೊಂದು ಕೂರಿಸಿರುತ್ತಾರೆ. ಒಂದು ಬಣ್ಣಕ್ಕೆ ಅದು ಕನ್ನಡಿ, ಇನ್ನೊಂದು ಬಣ್ಣಕ್ಕೆ ಬರೀ ಗಾಜು. ಹುಡುಗನ ಪೆಟ್ಟಿಗೆಯಲ್ಲಿ ಹಸಿರು ನೇರ ಹೋಗುತ್ತಿತ್ತು. ಮೊದಲ ಡೈಕ್ರೊ ಹಸಿರನ್ನು ದಾಟಿಸಿ, ಪಕ್ಕದಿಂದ ಬರುವ ಕೆಂಪನ್ನು ತಿರುಗಿಸಿ ಹಸಿರಿನ ದಾರಿಗೆ ಹಾಕುತ್ತಿತ್ತು. ಎರಡನೆಯದು ಅವೆರಡನ್ನೂ ದಾಟಿಸಿ ನೀಲಿಯನ್ನು ಸೇರಿಸುತ್ತಿತ್ತು. ಎರಡೂ 45 ಡಿಗ್ರಿ ಓರೆಯಲ್ಲಿ. ಪದರಗಳನ್ನು ಲೆಕ್ಕ ಹಾಕಿರುವುದೇ ಆ ಕೋನಕ್ಕೆ. ಕೋನ ಬದಲಾದರೆ ಯಾವ ಬಣ್ಣ ದಾಟಬೇಕು, ಯಾವುದು ತಿರುಗಬೇಕು ಎಂಬ ಗಡಿಯೂ ಸರಿಯುತ್ತದೆ.

ಬಿಚ್ಚಿದಾಗ ಸಣ್ಣದೊಂದು ತಪ್ಪು ಕಂಡಿತು. ಕೆಂಪಿನ ಡೈಕ್ರೊ ತಿರುವುಮುರುವು ಕೂತಿತ್ತು. ಪದರದ ಬದಿ ಕೆಂಪಿನ ಕಡೆಗೆ ಇರಬೇಕು. ಇಲ್ಲದಿದ್ದರೆ ಕೆಂಪು ಗಾಜಿನೊಳಗೆ ಹೋಗಿ ವಾಪಸ್ ಬರಬೇಕಾಗುತ್ತದೆ, ಪಕ್ಕದಲ್ಲಿ ಮಂಕಾದ ಇನ್ನೊಂದು ಕಿರಣ ಹುಟ್ಟುತ್ತದೆ. ಪದರದ ಬದಿ ಪತ್ತೆ ಮಾಡುವುದು ಸುಲಭ. ಗಾಜಿನ ಅಂಚಿಗೆ ಕಾಗದದ ಮೂಲೆ ಮುಟ್ಟಿಸಿ ನೋಡಬೇಕು. ಕಾಗದವೂ ಅದರ ಬಿಂಬವೂ ಸಂದಿಲ್ಲದೆ ಕೂಡಿದರೆ ಅದೇ ಪದರದ ಬದಿ. ಸಂದು ಕಂಡರೆ ಬರೀ ಗಾಜಿನ ಬದಿ. ಅದನ್ನು ತಿರುಗಿಸಿ ಕೂರಿಸಿದೆವು. ಆದರೆ ಎರಡನೇ ಸೊಂಡಿಲಿಗೆ ಕಾರಣ ಅದಲ್ಲ.

ಡಯೋಡ್ ಆರಿಸುವಾಗ ಹುಡುಗ ಜಾಣತನ ಮಾಡಿದ್ದ, ಅದನ್ನು ಹೇಳಲೇಬೇಕು. ಮೊದಲು ನನ್ನ ಅಂಗಡಿಯ ಗುಜರಿಯಿಂದ ಡಿವಿಡಿ ರೈಟರಿನ ಕೆಂಪು ಡಯೋಡ್ ಕಿತ್ತುಕೊಂಡು ಹೋಗಿದ್ದ. ಅದು 660ರ ಆಸುಪಾಸಿನದು. ನಮ್ಮ ಕಣ್ಣಿಗೆ 638ರ ಮೂರನೇ ಒಂದು ಪಾಲಷ್ಟೇ ಕಾಣುತ್ತದೆ. ಅಷ್ಟೇ ಮಿಲಿವ್ಯಾಟ್ ಹಾಕಿದರೂ ಮಂಕು. ಆಮೇಲೆ 700 ಮಿಲಿವ್ಯಾಟಿನ ದೊಡ್ಡ ಕೆಂಪು ತರಿಸುವ ಯೋಚನೆ ಬಂದಿತ್ತಂತೆ. ಅದು ಕೈಬಿಟ್ಟದ್ದು ಒಳ್ಳೆಯದೇ ಆಯಿತು. ಅಂಥ ಡಯೋಡಿನಲ್ಲಿ ಬೆಳಕು ಹೊರಡುವ ಸೀಳು ಸುಮಾರು 40 ಮೈಕ್ರಾನ್ ಅಗಲ. ಮುಂದೆ 4 ಮಿಲಿಮೀಟರ್ ಫೋಕಸಿನ ಲೆನ್ಸು ಇಟ್ಟರೆ ಕಿರಣ 10 ಮಿಲಿರೇಡಿಯನ್ ಅರಳುತ್ತದೆ. ಒಂದು ಮಿಲಿರೇಡಿಯನ್ ಅಂದರೆ ಮೀಟರಿಗೆ ಒಂದು ಮಿಲಿಮೀಟರ್. ನಮ್ಮ ಗೋಡೆ ಇದ್ದದ್ದು 22 ಮೀಟರ್ ದೂರದಲ್ಲಿ. ಅಲ್ಲಿಗೆ ಚುಕ್ಕಿ ಹೋಗಿ 22 ಸೆಂಟಿಮೀಟರಿನ ಪಟ್ಟಿಯಾಗುತ್ತಿತ್ತು. ಅದನ್ನು ಕುಗ್ಗಿಸಲು ಸಿಲಿಂಡರ್ ಲೆನ್ಸುಗಳಿವೆ, ಆದರೆ ಅದು ಇನ್ನೊಂದು ತಲೆನೋವು. 120ರ ಸಣ್ಣ ಡಯೋಡು ಒಂದೇ ಮೋಡಿನದು, ಅಂದರೆ ಬೆಳಕು ಹೊರಡುವ ಸೀಳು ಬಹಳ ಕಿರಿದು. ಚುಕ್ಕಿ ಚಿಕ್ಕದಾಗಿ, ಚೂಪಾಗಿ ಬೀಳುತ್ತದೆ.

ಬಣ್ಣದ ಲೆಕ್ಕವೂ ಸರಿ ಇತ್ತು. ಈ ಮೂರು ಅಲೆಯುದ್ದಗಳಿಂದ ಬಿಳಿ ಬರಬೇಕಾದರೆ ಕೆಂಪಿನ ಮಿಲಿವ್ಯಾಟ್ ಹಸಿರಿನ ಒಂದೂವರೆ ಪಟ್ಟು ಬೇಕು, ನೀಲಿ ಹಸಿರಿನ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಸಾಕು. ಕೆಂಪು 120, ಹಸಿರು 80 ಇದ್ದರೆ ನೀಲಿಯನ್ನು 46ರ ಹತ್ತಿರ ಇಳಿಸಿದರಾಯಿತು.

ಎರಡು ಗೋಡೆಯ ಲೆಕ್ಕ

ಹಾಗಾದರೆ ಕೆಂಪು ಎಲ್ಲಿ ತಪ್ಪಿಸಿಕೊಂಡಿತು? ಮೊದಲು ಚಿತ್ರವನ್ನೇ ಗಮನಿಸಿದೆ. ಬಣ್ಣ ಬೇರೆಯಾಗಲು ಎರಡು ಕಾರಣ ಇರಬಹುದು. ಒಂದು, ಡಯೋಡಿಗೆ ಕರೆಂಟ್ ಕೊಡುವ ಡ್ರೈವರ್ ಬೋರ್ಡು ಬಣ್ಣ ಬದಲಿಸುವುದು ತಡವಾಗುವುದು. ಹಾಗಾದರೆ ದೋಷ ಗೆರೆ ಶುರುವಾಗುವ, ಮುಗಿಯುವ ಜಾಗದಲ್ಲಿ ಕಾಣುತ್ತದೆ, ಗೆರೆ ಓಡುವ ದಿಕ್ಕು ತಿರುಗಿದರೆ ದೋಷವೂ ತಿರುಗುತ್ತದೆ. ಎರಡು, ಕಿರಣಗಳೇ ಕೂಡದಿರುವುದು. ಹಾಗಾದರೆ ಚಿತ್ರದ ಎಲ್ಲ ಕಡೆ ಒಂದೇ ದಿಕ್ಕಿಗೆ, ಒಂದೇ ಅಳತೆಗೆ ಸರಿದಿರುತ್ತದೆ. ಇಲ್ಲಿ ಸೊಂಡಿಲು, ಕಿವಿ, ಹೊಟ್ಟೆ ಎಲ್ಲ ಕಡೆಯೂ ಕೆಂಪು ಎಡಕ್ಕೇ ಇತ್ತು. ಟೇಪ್ ಹಿಡಿದು ಅಳೆದೆವು. ಎಲ್ಲ ಕಡೆ 3 ಸೆಂಟಿಮೀಟರ್ ಚಿಲ್ಲರೆ.

"ಮನೇಲಿ ಗೋಡೆ ಎಷ್ಟು ದೂರ ಇತ್ತೋ?"

"ಮೂರು ಮೀಟರ್."

ಅಲ್ಲಿಗೆ ಗುಟ್ಟು ಗೊತ್ತಾಯಿತು. ಪೆಟ್ಟಿಗೆಯೊಳಗೆ ಡೈಕ್ರೊ ಹತ್ತಿರ ಕಾಗದ ಹಿಡಿದು ನೋಡಿದೆ. ಕೆಂಪು ಬೀಳುತ್ತಿದ್ದ ಜಾಗಕ್ಕೂ ಹಸಿರು ದಾಟುತ್ತಿದ್ದ ಜಾಗಕ್ಕೂ 5 ಮಿಲಿಮೀಟರ್ ಅಂತರ. ಅಂದರೆ ಹೊರಡುವಾಗಲೇ ಅವು ಪಕ್ಕಪಕ್ಕ. ಹುಡುಗ ಡೈಕ್ರೊದ ಸ್ಕ್ರೂ ತಿರುಗಿಸಿ ತಿರುಗಿಸಿ, 3 ಮೀಟರ್ ದೂರದ ಗೋಡೆಯ ಮೇಲೆ ಕೆಂಪನ್ನು ಹಸಿರಿನ ಮೇಲೆ ತಂದು ಕೂರಿಸಿದ್ದ. ಗೋಡೆಯ ಮೇಲೆ ಬಿಳಿ ಬಂತು, ಕೆಲಸ ಆಯಿತು ಅಂದುಕೊಂಡ. ಆದರೆ ಅದು ಎರಡು ರಸ್ತೆ ಒಂದು ಸರ್ಕಲ್ಲಿನಲ್ಲಿ ಕೂಡಿದ ಹಾಗೆ. ಸರ್ಕಲ್ ದಾಟಿದ ಮೇಲೆ ಅದರದರ ದಾರಿ ಅದಕ್ಕೆ. 3 ಮೀಟರಿಗೆ 5 ಮಿಲಿಮೀಟರ್ ಅಂದರೆ 1.67 ಮಿಲಿರೇಡಿಯನ್ ಓರೆ. ಗೋಡೆ ದಾಟಿ ಇನ್ನೂ 19 ಮೀಟರ್ ಹೋದರೆ ಕೆಂಪು ಆಚೆ ಬದಿಗೆ 32 ಮಿಲಿಮೀಟರ್ ಸರಿಯಬೇಕು. ಟೇಪ್ ಹೇಳಿದ್ದೂ ಅದನ್ನೇ.

"ಆಟೋದಲ್ಲಿ ಏನೂ ಆಗಿಲ್ಲ ಕಣೋ. ಮನೇಲೂ ಹಿಂಗೇ ಇತ್ತು, ನಿಂಗೆ ಕಾಣ್ಲಿಲ್ಲ ಅಷ್ಟೆ."

ಇದರಲ್ಲಿ ಹುಡುಗನನ್ನು ಬೈಯುವಂಥದ್ದು ಏನಿಲ್ಲ. ಎರಡು ಕಿರಣ ನಿಜವಾಗಿ ಒಂದಾಗಬೇಕಾದರೆ ಜಾಗವೂ ಒಂದಾಗಬೇಕು, ದಿಕ್ಕೂ ಒಂದಾಗಬೇಕು. ಅವನ ಪೆಟ್ಟಿಗೆಯಲ್ಲಿ ಅಲ್ಲಾಡಿಸಲು ಸಾಧ್ಯ ಇದ್ದದ್ದು ಡೈಕ್ರೊ ಮಾತ್ರ. ಡಯೋಡನ್ನು ಗಟ್ಟಿಯಾಗಿ ತಿರುಪು ಹಾಕಿ ಕೂರಿಸಿದ್ದ. ಒಂದೇ ಕನ್ನಡಿ ತಿರುಗಿಸಿ ಎಷ್ಟೇ ತಿಣುಕಾಡಿದರೂ ಕಿರಣಗಳು ಒಂದೇ ದೂರದಲ್ಲಿ ಕೂಡುತ್ತವೆ. ಇದಕ್ಕೆ ಕೆಂಪಿನ ದಾರಿಯಲ್ಲಿ ಡೈಕ್ರೊಗೆ ಮೊದಲು ಇನ್ನೊಂದು ಕನ್ನಡಿ ಬೇಕು. ನೀಲಿಗೂ ಹಾಗೇ. ಎರಡಕ್ಕೂ ಒಂದೊಂದು ಕನ್ನಡಿ ಕೂರಿಸಿದೆವು. ನೀಲಿ ಆ ದಿನ ಸರಿ ಕಂಡದ್ದು ಬರೀ ಅದೃಷ್ಟ. ಡಯೋಡು ಕೂತ ಜಾಗ ತಾನಾಗಿ ಸರಿ ಇತ್ತು.

(ಹಿಂದಿನ ಕಾಲದ ದೊಡ್ಡ ಲೇಸರ್ ಷೋಗಳಲ್ಲಿ ಈ ಗೋಳೇ ಇರಲಿಲ್ಲ. ಆರ್ಗಾನ್, ಕ್ರಿಪ್ಟಾನ್ ಎರಡೂ ತುಂಬಿದ ಒಂದೇ ಕೊಳವೆಯಿಂದ ಕೆಂಪಿನಿಂದ ನೀಲಿವರೆಗೆ ಎಲ್ಲ ಒಟ್ಟಿಗೇ ಬರುತ್ತಿತ್ತು. ಅದಕ್ಕೆ ಬದಲಾಗಿ ಭಾರಿ ಕರೆಂಟ್ ಬೇಕು, ತಣಿಸಲು ನೀರಿನ ಪೈಪ್ ಬೇಕು. ನಮ್ಮ ಪೆಂಡಾಲಿಗೆ ಅದು ಆಗುವ ಮಾತಲ್ಲ.)

ಖಾಲಿ ಗೋಡೌನಿನಲ್ಲಿ

ಭಾದ್ರಪದದಲ್ಲಿ ಕಾಫಿ ಗೋಡೌನ್ ಖಾಲಿ. ಹೊಸ ಬೆಳೆ ಬರಲು ಇನ್ನೂ ತಿಂಗಳುಗಳಿರುತ್ತವೆ. ಮಾಲೀಕರನ್ನು ಕೇಳಿದೆವು, ಎರಡು ರಾತ್ರಿ ಬೀಗದ ಕೈ ಕೊಟ್ಟರು. ಉದ್ದಕ್ಕೆ 20 ಮೀಟರಿಗಿಂತ ಜಾಸ್ತಿ, ಬಾಗಿಲು ಹಾಕಿದರೆ ಯಾರೂ ಅಡ್ಡ ಬರುವುದಿಲ್ಲ. ಇಂಥ ಕೆಲಸಕ್ಕೆ ಅದಕ್ಕಿಂತ ಒಳ್ಳೆಯ ಜಾಗ ಸಿಗಲಾರದು.

ಶುರು ಮಾಡುವ ಮೊದಲು ಉಂಗುರ, ವಾಚು ಎರಡೂ ಜೇಬಿಗೆ. ಹೊಳೆಯುವ ಸ್ಪ್ಯಾನರ್ ಮೇಜಿನಿಂದ ಆಚೆ. ಕಣ್ಣು ಕಿರಣದ ಮಟ್ಟಕ್ಕೆ ಬಗ್ಗಲೇಬಾರದು. ಡ್ರೈವರಿನ ಕರೆಂಟ್ ಇಳಿಸಿ, ಚುಕ್ಕಿ ಕಂಡೂ ಕಾಣದಷ್ಟು ಮಂಕು ಮಾಡಿಕೊಂಡೆವು. ಮೂರೂ ಬಣ್ಣ ತಡೆಯುವ ಕನ್ನಡಕ ಹಾಕಿದರೆ ಮೂರೂ ಬಣ್ಣ ಕಾಣುವುದಿಲ್ಲ, ಜೋಡಿಸುವುದಾದರೂ ಹೇಗೆ? ಅದಕ್ಕೇ ಬೆಳಕನ್ನೇ ಇಳಿಸುವುದು. ಪೂರ್ತಿ ಬೆಳಕು ಬಿಟ್ಟಾಗ ಮಾತ್ರ ಕನ್ನಡಕ.

ವಿಧಾನ ಹೀಗೆ. ಗ್ಯಾಲ್ವೊ ಮುಂದೆ ತೂತು ಮಾಡಿದ ಒಂದು ರಟ್ಟು, ಅದು ಹತ್ತಿರದ ಗುರುತು. ದೂರದ ಗೋಡೆಗೆ ಅಂಟಿಸಿದ ಗ್ರಾಫ್ ಹಾಳೆ ಇನ್ನೊಂದು ಗುರುತು. ಹಸಿರನ್ನು ಮುಟ್ಟುವುದಿಲ್ಲ, ಅದೇ ದಾರಿ. ಕೆಂಪಿನ ಮೊದಲ ಕನ್ನಡಿ ತಿರುಗಿಸಿ ರಟ್ಟಿನ ಮೇಲೆ ಹಸಿರಿಗೆ ಕೂಡಿಸು. ಡೈಕ್ರೊ ತಿರುಗಿಸಿ ದೂರದ ಹಾಳೆಯ ಮೇಲೆ ಕೂಡಿಸು. ದೂರದ್ದು ಸರಿಯಾಗುವಷ್ಟರಲ್ಲಿ ಹತ್ತಿರದ್ದು ಸ್ವಲ್ಪ ಕೆಟ್ಟಿರುತ್ತದೆ. ಮತ್ತೆ ಮೊದಲ ಕನ್ನಡಿ, ಮತ್ತೆ ಡೈಕ್ರೊ. ಪ್ರತಿ ಸುತ್ತಿಗೂ ತಪ್ಪು ಕಡಿಮೆಯಾಗುತ್ತದೆ. ನಮಗೆ ಆರನೇ ಸುತ್ತಿಗೆ ಎರಡೂ ಕಡೆ ಕೂಡಿತು. ಒಬ್ಬ ಸ್ಕ್ರೂ ತಿರುಗಿಸಬೇಕು, ಇನ್ನೊಬ್ಬ ದೂರದಲ್ಲಿ ನಿಂತು "ಇನ್ನೂ ಚೂರು... ಜಾಸ್ತಿ ಆಯ್ತು, ವಾಪಸ್" ಅಂತ ಕೂಗಬೇಕು. ಸೊಂಟ ನೋವು ಬರುವ ಕೆಲಸ.

ಸ್ಕ್ರೂ ತಿರುಗಿಸುವುದು ಎಷ್ಟು ಸೂಕ್ಷ್ಮ ಅಂತ ಲೆಕ್ಕ ಹಾಕಿದಾಗ ನನಗೇ ಆಶ್ಚರ್ಯವಾಯಿತು. 3 ಮಿಲಿಮೀಟರ್ ದಪ್ಪದ ಎಂ3 ಸ್ಕ್ರೂ ಒಂದು ಸುತ್ತಿಗೆ ಅರ್ಧ ಮಿಲಿಮೀಟರ್ ಮುಂದೆ ಹೋಗುತ್ತದೆ. ಕನ್ನಡಿಯನ್ನು ಕೂರಿಸಿದ ಹಿಡಿಕೆಯ ಅಗಲ 30 ಮಿಲಿಮೀಟರ್. ಕನ್ನಡಿ ತಿರುಗಿದ್ದಕ್ಕಿಂತ ಕಿರಣ ಎರಡು ಪಟ್ಟು ತಿರುಗುತ್ತದೆ. ಒಂದು ಸುತ್ತು ಹಾಕಿದರೆ 22 ಮೀಟರ್ ದೂರದಲ್ಲಿ ಚುಕ್ಕಿ 73 ಸೆಂಟಿಮೀಟರ್ ಹಾರುತ್ತದೆ! ಒಂದು ಸೆಂಟಿಮೀಟರ್ ಸರಿಸಲು ಸ್ಕ್ರೂ ತಿರುಗಬೇಕಾದದ್ದು ಬರೀ 5 ಡಿಗ್ರಿ. ಉದ್ದ ಹಿಡಿಯ ಅಲೆನ್ ಕೀ ಇಲ್ಲದಿದ್ದರೆ ಬೆರಳಿಗೆ ಅಷ್ಟು ಹದ ಸಿಗುವುದಿಲ್ಲ.

ರಾತ್ರಿ ಒಂದು ಗಂಟೆಗೆ ಬಿಳಿ ಚುಕ್ಕಿ ಬಂತು. ಹತ್ತಿರವೂ ಬಿಳಿ, ದೂರವೂ ಬಿಳಿ. ಅದೇ ಖುಷಿಯಲ್ಲಿ ಮನೆಗೆ ಹೋಗಿ ಮಲಗಿದೆವು.

ಮಳೆ ಹಿಡಿಯಿತು

ಎರಡು ದಿನ ಬಿಡದೆ ಮಳೆ. ಮೂರನೇ ದಿನ ಪೆಟ್ಟಿಗೆ ಹಚ್ಚಿದರೆ ಕೆಂಪು ನಾಲ್ಕು ಸೆಂಟಿಮೀಟರ್ ಕೆಳಗೆ ಇಳಿದಿದೆ, ನೀಲಿ ಸ್ವಲ್ಪ ಮೇಲೆ ಹತ್ತಿದೆ. ಯಾರೂ ಮುಟ್ಟಿರಲಿಲ್ಲ.

ಈ ಸಲ ತಪ್ಪು ನನ್ನದೂ ಹೌದು. ಮೊದಲ ದಿನವೇ ಬೇಸ್ ನೋಡಿದ್ದೆ, ಮಾತಾಡಿರಲಿಲ್ಲ. 18 ಮಿಲಿಮೀಟರ್ ಪ್ಲೈವುಡ್, ಗಟ್ಟಿಯಾಗಿದೆ ಅಂದುಕೊಂಡೆ. ಮಲೆನಾಡಿನಲ್ಲಿ ಹುಟ್ಟಿ ಬೆಳೆದವನು ಹಾಗೆ ಅಂದುಕೊಳ್ಳಬಾರದು. ಆಷಾಢದಲ್ಲಿ ನಮ್ಮ ಮನೆಯ ಬಾಗಿಲುಗಳೇ ಉಬ್ಬಿ ಚೌಕಟ್ಟಿಗೆ ಕಚ್ಚಿಕೊಳ್ಳುತ್ತವೆ. ಪ್ಲೈವುಡ್ ಸುಮ್ಮನಿರುತ್ತದಾ?

ಎಷ್ಟು ಉಬ್ಬಿದರೆ ಇಷ್ಟಾಗುತ್ತದೆ ಅಂತ ಹುಡುಗನ ಕೈಲೇ ಲೆಕ್ಕ ಮಾಡಿಸಿದೆ. ಕನ್ನಡಿಯ ಪಾದ 40 ಮಿಲಿಮೀಟರ್. ಅದರ ಒಂದು ಅಂಚು 0.05 ಮಿಲಿಮೀಟರ್ ಏರಿತು ಅಂದುಕೊಳ್ಳೋಣ, ಅಂದರೆ ನೋಟ್‌ಬುಕ್ ಹಾಳೆಯ ಅರ್ಧ ದಪ್ಪ. ಕನ್ನಡಿ 1.25 ಮಿಲಿರೇಡಿಯನ್ ಬಾಗುತ್ತದೆ. 45 ಡಿಗ್ರಿಯಲ್ಲಿ ನಿಂತ ಕನ್ನಡಿ ಹೀಗೆ ಹಿಂದೆ ಮುಂದೆ ಬಾಗಿದರೆ ಕಿರಣ ಸುಮಾರು 1.4 ಪಟ್ಟು ಬಾಗುತ್ತದೆ. 22 ಮೀಟರಿನಲ್ಲಿ ಅದು ಹತ್ತಿರಹತ್ತಿರ 4 ಸೆಂಟಿಮೀಟರ್. ಅರ್ಧ ಹಾಳೆ ದಪ್ಪಕ್ಕೆ ಒಂದು ಸೊಂಡಿಲು! ಹಸಿರಿಗೆ ಹೆಚ್ಚೇನೂ ಆಗಿರಲಿಲ್ಲ. ಅದು ಡೈಕ್ರೊಗಳನ್ನು ದಾಟಿ ಹೋಗುತ್ತದೆ, ದಾಟುವ ಗಾಜು ಸ್ವಲ್ಪ ಬಾಗಿದರೂ ಕಿರಣದ ದಿಕ್ಕು ಬದಲಾಗುವುದಿಲ್ಲ. ತಿರುಗಿ ಬರುವ ಬಣ್ಣಗಳಿಗೇ ಪೆಟ್ಟು.

ಮರುದಿನ ಲೇತ್ ಅಂಗಡಿಗೆ ಹೋಗಿ 10 ಮಿಲಿಮೀಟರ್ ಅಲ್ಯೂಮಿನಿಯಂ ಪ್ಲೇಟ್ ಕೊಯ್ಯಿಸಿದೆವು. ತೂತು ಹೊಡೆದು ಸ್ಕ್ರೂ ಕೂರಲು ಮರೆ ಹಾಕಿಸಿ, ಹಿಡಿಕೆಗಳ ಅಡಿಯನ್ನು ಉಜ್ಜಿ ಸಮ ಮಾಡಿ, ಎಲ್ಲವನ್ನೂ ಹೊಸದಾಗಿ ಕೂರಿಸಿದೆವು. ಈ ಗಡಿಬಿಡಿಯಲ್ಲಿ ಒಂದು ನೀಲಿ ಡಯೋಡ್ ಸತ್ತಿತು. ಡ್ರೈವರ್ ಆನ್ ಇರುವಾಗಲೇ ವೈರ್ ಮುಟ್ಟಿಸಿದ ಹುಡುಗ. ಔಟ್‌ಪುಟ್ ಕೆಪಾಸಿಟರಿನಲ್ಲಿ ತುಂಬಿದ್ದ ಚಾರ್ಜ್ ಒಂದೇ ಏಟಿಗೆ ನುಗ್ಗಿತು. ಕಣ್ಣಿಗೆ ಏನೂ ಕಾಣಲಿಲ್ಲ, ಆಮೇಲೆ ಅದು ಎಲ್ಇಡಿ ಹಾಗೆ ಮಿಣಮಿಣ ಅಂದಿತು ಅಷ್ಟೆ. ಪುಣ್ಯಕ್ಕೆ ಇನ್ನೊಂದು ತರಿಸಿಟ್ಟಿದ್ದ.

ಮಂಜಿನ ಲಾಭ, ಮಂಜಿನ ನಷ್ಟ

ನಮ್ಮೂರಿನ ರಾತ್ರಿಯಲ್ಲಿ ಒಂದು ಅನುಕೂಲ ಇದೆ. ಬೇರೆ ಕಡೆ ಗಾಳಿಯಲ್ಲಿ ಕಿರಣ ಕಾಣಲು ಹೊಗೆ ಯಂತ್ರ ಬಾಡಿಗೆಗೆ ತರಬೇಕು. ಇಲ್ಲಿ ಮಳೆಗಾಲದ ಸಂಜೆ ಗಿರಿಯ ಕಡೆಯಿಂದ ಮಂಜು ಪುಕ್ಕಟೆ ಇಳಿಯುತ್ತದೆ. ಅದೇ ಮಂಜು ಪೆಟ್ಟಿಗೆಯೊಳಗೆ ನುಗ್ಗಿದರೆ ಗ್ಯಾಲ್ವೊ ಕನ್ನಡಿ ಬೆವರುತ್ತದೆ, ವರ್ಷ ಕಳೆದರೆ ಲೆನ್ಸಿಗೆ ಬೂಷ್ಟು. ಮದುವೆ ಫೋಟೊ ತೆಗೆಯುವವರನ್ನು ಕೇಳಿ, ಹೇಳುತ್ತಾರೆ.

ಹಾಗಾಗಿ ಪೆಟ್ಟಿಗೆಗೆ ಗಾಜಿನ ಕಿಟಕಿ ಹಾಕಿ, ಸಂದುಗಳಿಗೆ ರಬ್ಬರ್ ಕೊಟ್ಟು, ಒಳಗೆ ಸಿಲಿಕಾ ಜೆಲ್ ಇಟ್ಟು ಮುಚ್ಚಿದೆವು. ಅರ್ಧ ಗಂಟೆ ಓಡಿಸಿದ ಮೇಲೆ ಬಿಳಿ ಗಣಪತಿ ನಿಧಾನಕ್ಕೆ ಹಸಿರು ನೀಲಿಗೆ ತಿರುಗಿದ. ಕಿರಣ ಸರಿದಿರಲಿಲ್ಲ, ಕೆಂಪು ಸೊರಗಿತ್ತು.

ಅಳೆಯುವುದು ಹೇಗೆ? ಲೇಸರ್ ಪವರ್ ಮೀಟರ್ ನಮ್ಮಲ್ಲಿಲ್ಲ. ತೋಟದ ಸೋಲಾರ್ ದೀಪದ ಒಂದು ಸೆಲ್ ಕಿತ್ತು ಮಲ್ಟಿಮೀಟರಿನ ಮಿಲಿಆಂಪ್ ಕಡೆಗೆ ಹಾಕಿದೆ. ಸೆಲ್ಲನ್ನು ಹೀಗೆ ಶಾರ್ಟ್ ಮಾಡಿ ನೋಡಿದರೆ ಬೀಳುವ ಬೆಳಕಿಗೆ ತಕ್ಕ ಹಾಗೆ ಕರೆಂಟ್ ಏರಿಳಿಯುತ್ತದೆ. ಒಂದೇ ಬಣ್ಣವನ್ನು ಮೊದಲೆಷ್ಟು, ಆಮೇಲೆಷ್ಟು ಅಂತ ಹೋಲಿಸಲು ಧಾರಾಳ ಸಾಕು. ಕೆಂಪು ತಣ್ಣಗಿದ್ದಾಗ 44, ಅರ್ಧ ಗಂಟೆ ಬಿಟ್ಟು 33. ಹಸಿರು, ನೀಲಿ ಹೆಚ್ಚೇನೂ ಇಳಿದಿರಲಿಲ್ಲ. 638ರ ಡಯೋಡಿಗೆ ಸೆಕೆ ಅಂದರೆ ಆಗದು. ಬಿಸಿಯಾದಷ್ಟೂ ಲೇಸರ್ ಹೊಮ್ಮಲು ಬೇಕಾದ ಕರೆಂಟ್ ಏರುತ್ತದೆ. ಡ್ರೈವರ್ ಕೊಡುವುದು ಮೊದಲಿನಷ್ಟೇ. ಬೆಳಕು ಇಳಿಯದೆ ಇನ್ನೇನಾಗುತ್ತದೆ? ಕರೆಂಟ್ ಏರಿಸೋಣ ಅಂದ ಹುಡುಗ. ಬೇಡ ಅಂದೆ. ಏರಿಸಿದರೆ ಇನ್ನೂ ಬಿಸಿ, ಮತ್ತೆ ಇಳಿತ.

ಇಲ್ಲಿ ನನ್ನ ಕಸುಬು ಕೆಲಸಕ್ಕೆ ಬಂತು. ಅಂಗಡಿಯ ಮೂಲೆಯಲ್ಲಿ ಹಳೇ ಆಂಪ್ಲಿಫೈಯರಿನ ಎರಡು ದೊಡ್ಡ ಹೀಟ್‌ಸಿಂಕ್ ಬಿದ್ದಿದ್ದವು. ಅಲ್ಯೂಮಿನಿಯಂ ಪ್ಲೇಟನ್ನೇ ಪೆಟ್ಟಿಗೆಯ ತಳ ಮಾಡಿ, ಹೊರಗಿನಿಂದ ಅದರ ಅಡಿಗೆ ಪೇಸ್ಟ್ ಹಚ್ಚಿ ಆ ಹೀಟ್‌ಸಿಂಕ್ ಬಿಗಿದೆವು. ಗ್ಯಾಲ್ವೊದ ಡ್ರೈವರ್ ಬೋರ್ಡನ್ನೂ ಪವರ್ ಸಪ್ಲೈಯನ್ನೂ ಬೇರೆ ಡಬ್ಬಿಗೆ ಸಾಗಿಸಿದೆವು. ನಿಜವಾದ ಬಿಸಿ ಬರುತ್ತಿದ್ದದ್ದು ಅವುಗಳಿಂದಲೇ. ಮತ್ತೆ ಅರ್ಧ ಗಂಟೆ ಓಡಿಸಿದರೆ 44ರಿಂದ 42. ಹುಡುಗ ಕೂಗಿದ್ದು ಪಕ್ಕದ ಮನೆಗೆ ಕೇಳಿಸಿರಬೇಕು.

ಹಬ್ಬದ ಹಿಂದಿನ ದಿನ ಸಮಿತಿಯ ಹಿರಿಯರೊಬ್ಬರು ಬಂದು ನೋಡಿ, "ಗೋಡೆಗೆ ಮಾತ್ರ ಯಾಕೆ? ಜನರ ಮೇಲೂ ಬಿಡ್ರಪ್ಪ, ಚೆನ್ನಾಗಿರುತ್ತೆ" ಅಂದರು. ಇದೊಂದಕ್ಕೆ ನಾನು ಬಗ್ಗಲಿಲ್ಲ. ಕಣ್ಣು ರೆಪ್ಪೆ ಮುಚ್ಚಲು ಕಾಲು ಸೆಕೆಂಡು ಬೇಕು. ಅಷ್ಟರೊಳಗೆ ಕಣ್ಣು ತಡೆದುಕೊಳ್ಳುತ್ತದೆ ಅಂತ ಇಟ್ಟಿರುವ ಮಿತಿ 1 ಮಿಲಿವ್ಯಾಟ್. ನಮ್ಮದು ಮೂರೂ ಸೇರಿ 240ರ ಮೇಲೆ. ಓಡುತ್ತಿರುವಾಗ ಏನೂ ಆಗದು ಅಂದುಕೊಂಡರೂ, ಗ್ಯಾಲ್ವೊ ಕೆಟ್ಟು ನಿಂತರೆ ಅಷ್ಟೂ ಬೆಳಕು ಒಂದೇ ಕಡೆ ನಿಲ್ಲುತ್ತದೆ. ಅಲ್ಲಿ ಯಾರದೋ ಮಗು ಇರುತ್ತದೆ. ಹಿರಿಯರು ಸ್ವಲ್ಪ ಮುನಿಸಿಕೊಂಡರು, ಇರಲಿ. ಪೆಟ್ಟಿಗೆಯನ್ನು ಆಳೆತ್ತರಕ್ಕಿಂತ ಮೇಲೆ ಕಬ್ಬಿಣದ ಸ್ಟ್ಯಾಂಡಿಗೆ ಬಿಗಿದು, ಕಿರಣ ಕೆಳಗಿಳಿಯದ ಹಾಗೆ ಮುಂದೆ ಕಪ್ಪು ತಗಡು ಅಡ್ಡ ಇಟ್ಟೆವು. ಎಮರ್ಜೆನ್ಸಿ ಸ್ವಿಚ್ಚಿನ ಪಕ್ಕ ನಾನೇ ಕುರ್ಚಿ ಹಾಕಿಕೊಂಡು ಕೂತೆ.

ಮೂರು ರಾತ್ರಿ ಗಣಪತಿ ಬಿಳಿಯಾಗೇ ಇದ್ದ. ಎರಡನೇ ರಾತ್ರಿ ಜಡಿಮಳೆ ಬಂದು ಹೋಯಿತು. ಮೂರನೇ ರಾತ್ರಿ ಗೋಡೆಯ ಹತ್ತಿರ ಹೋಗಿ ಟೇಪ್ ಹಿಡಿದೆವು. ಕೆಂಪು 4 ಮಿಲಿಮೀಟರ್ ಸರಿದಿತ್ತು. ಪೆಂಡಾಲಿನಲ್ಲಿ ಕೂತವರಿಗೆ ಅದು ಕಾಣುವ ಮಾತೇ ಇಲ್ಲ. ಹುಡುಗನಿಗೆ ಮಾತ್ರ ಅದೊಂದೇ ಕಾಣುತ್ತಿತ್ತು. ಅಲೆನ್ ಕೀ ಜೇಬಿನಿಂದ ತೆಗೆದ. ನಾನು ಇಸಿದುಕೊಂಡೆ.

"ಮುಂದಿನ ವರ್ಷ ಎರಡು ಕೆಂಪು ಹಾಕೋಣ ಮಾಮ. ಒಂದರ ಧ್ರುವೀಕರಣ, ಅಂದ್ರೆ ಬೆಳಕು ಕಂಪಿಸೋ ದಿಕ್ಕು, ತಿರುಗಿಸಿ ಪ್ರಿಸಂ ಕ್ಯೂಬಿನಲ್ಲಿ ಕೂಡಿಸಿದ್ರೆ ಎರಡೂ ಒಂದೇ ಕಿರಣ ಆಗುತ್ತೆ."

"ಆಗುತ್ತೆ. ಇನ್ನೂ ನಾಲ್ಕು ಸ್ಕ್ರೂನೂ ಆಗುತ್ತೆ. ಮೊದಲು ಮನೆಗೆ ಹೋಗಿ ನಿಮ್ಮಮ್ಮನ ನೇಲ್ ಪಾಲಿಶ್ ತಗೊಂಡು ಬಾ. ಈಗಿರೋ ಎಂಟು ಸ್ಕ್ರೂ ಅಲ್ಲಾಡದ ಹಾಗೆ ಒಂದೊಂದು ಹನಿ ಹಚ್ಚೋಣ."